ತಪ್ಪು ಉತ್ತರವನ್ನೂ ಪ್ರಿಂಟ್ ಹಾಕಿಸಿದ ವಿಜ್ಞಾನಿ: ಲೂಯಿಸ್ ಫ್ರೈ ರಿಚರ್ಡ್‌ಸನ್

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನ ಎಟಿವಿ ಟೀಮಿನ ಒಂದು ಬ್ರಾಕೆಟ್‌ಗೆ ಸ್ಟ್ರೆಸ್ ಅನಾಲಿಸಿಸ್ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಎಲ್ ಆಕಾರದ ಚಿಕ್ಕ ಸ್ಟೀಲ್ ಪೀಸ್ ಅದು. ಮಾಡೆಲ್ ಮಾಡುವಾಗ ಒಳಮೂಲೆಯನ್ನ ಚೂಪಾಗೇ ಬಿಟ್ಟಿದ್ದೆ. 5 ಮಿ.ಮೀ. ಮೆಶ್ ಹಾಕಿ ರನ್ ಮಾಡಿದಾಗ ಗರಿಷ್ಠ ಸ್ಟ್ರೆಸ್ 118 ಮೆಗಾಪಾಸ್ಕಲ್ ಬಂತು. ಕೆಂಪು, ಹಳದಿ, ನೀಲಿ ಬಣ್ಣದ ಚಿತ್ರ ತುಂಬಾ ಚೆನ್ನಾಗಿತ್ತು. ಸ್ಕ್ರೀನ್‌ಶಾಟ್ ತೆಗೆದು ರಿಪೋರ್ಟಿಗೆ ಅಂಟಿಸಿ ಖುಷಿಯಾಗಿದ್ದೆ.

ಫೈನಲ್ ಇಯರ್ ಅಣ್ಣ ಒಬ್ಬರು ಅದನ್ನ ನೋಡಿ, ಮೆಶ್ ಅರ್ಧ ಮಾಡಿ ಇನ್ನೊಂದ್ಸಲ ರನ್ ಮಾಡು ಅಂದ್ರು. ಮಾಡಿದೆ, 161 ಬಂತು. ಮತ್ತೆ ಅರ್ಧ ಮಾಡಿದೆ, 220. ಲೋಡ್ ಅದೇ, ಮೆಟೀರಿಯಲ್ ಅದೇ, ಬ್ರಾಕೆಟ್ಟೂ ಅದೇ. ಉತ್ತರ ಮಾತ್ರ ಪ್ರತಿ ಸಲ ಬೇರೆ. ಯಾವುದನ್ನ ರಿಪೋರ್ಟಲ್ಲಿ ಬರೀಬೇಕು? ಸುಳ್ಳು ಹೇಳಲ್ಲ, ಮೊದಲನೇದನ್ನೇ ಇಟ್ಟುಬಿಡೋಣ, ಯಾರಿಗೆ ಗೊತ್ತಾಗುತ್ತೆ ಅಂತ ಒಂದು ಯೋಚನೆ ಬಂದಿತ್ತು.

ಆ ರಾತ್ರಿ ಮೆಶ್ ಬಗ್ಗೆ ಓದ್ತಾ ಕೂತಾಗ ಎಲ್ಲಾ ಕಡೆ ಒಂದೇ ಹೆಸರು ಕಾಣಿಸ್ತು: ರಿಚರ್ಡ್‌ಸನ್ ಎಕ್ಸ್‌ಟ್ರಾಪೊಲೇಶನ್. ಯಾರಪ್ಪಾ ಈ ರಿಚರ್ಡ್‌ಸನ್ ಅಂತ ಹುಡುಕ್ತಾ ಹೋದೆ. ಹೋದವನು ಎರಡು ವಾರ ವಾಪಸ್ ಬರಲಿಲ್ಲ. ಅವರ ಕಥೆಯನ್ನ ನಿಮಗೂ ಹೇಳಬೇಕು ಅನ್ನಿಸಿ ಈ ಲೇಖನ.

ಒಂದೇ ಕಡೆ ನಿಲ್ಲದ ಹುಡುಗ

ಲೂಯಿಸ್ ಫ್ರೈ ರಿಚರ್ಡ್‌ಸನ್ ಹುಟ್ಟಿದ್ದು 1881ರ ಅಕ್ಟೋಬರ್ 11ರಂದು, ಇಂಗ್ಲೆಂಡಿನ ನ್ಯೂಕಾಸಲ್ ಊರಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ತಂದೆಯದು ಚರ್ಮ ಹದ ಮಾಡೋ ವ್ಯಾಪಾರ. ಮನೆಯವರೆಲ್ಲ ಕ್ವೇಕರ್ ಪಂಥದವರು. ಕ್ವೇಕರ್‌ಗಳು ಅಂದ್ರೆ ಯುದ್ಧವನ್ನ ಒಪ್ಪದ, ಆಯುಧ ಹಿಡಿಯದ ಒಂದು ಕ್ರೈಸ್ತ ಪಂಥದವರು. ಈ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಯಾರ್ಕ್‌ನ ಕ್ವೇಕರ್ ಶಾಲೆಯಲ್ಲಿ ಓದಿ, ನ್ಯೂಕಾಸಲ್‌ನಲ್ಲಿ ವಿಜ್ಞಾನ ಕಲಿತು, ಆಮೇಲೆ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿಗೆ ಸೇರಿದರು. 1903ರಲ್ಲಿ ಫಸ್ಟ್ ಕ್ಲಾಸಲ್ಲಿ ಪಾಸಾದರು. ಅಲ್ಲಿಂದ ಹತ್ತು ವರ್ಷ ಅವರ ರೆಸ್ಯೂಮೆ ನೋಡಿದ್ರೆ ನಮ್ಮ ಪ್ಲೇಸ್‌ಮೆಂಟ್ ಆಫೀಸರ್ ತಲೆ ಮೇಲೆ ಕೈ ಇಟ್ಕೊಳ್ತಾರೆ. ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ, ವೇಲ್ಸ್‌ನ ಒಂದು ಕಾಲೇಜು, ಪೀಟ್ ಕಂಪನಿಯಲ್ಲಿ ಕೆಮಿಸ್ಟ್, ವಾಪಸ್ ಅದೇ ಲ್ಯಾಬೊರೇಟರಿ, ಆಮೇಲೆ ಬಲ್ಬ್ ತಯಾರಿಸೋ ಒಂದು ಕಂಪನಿಯ ಲ್ಯಾಬ್. ಒಂದು ಕಡೆಯೂ ಮೂರು ವರ್ಷದ ಮೇಲೆ ಇದ್ದಿದ್ದು ಕಮ್ಮಿ. ನಡುವೆ 1909ರಲ್ಲಿ ಡೊರೊಥಿ ಗಾರ್ನೆಟ್ ಅವರನ್ನ ಮದುವೆಯಾದರು.

ಆದರೆ ಆ ಪೀಟ್ ಕಂಪನಿಯ ಕೆಲಸವೇ ಅವರ ಜೀವನವನ್ನ ತಿರುಗಿಸಿದ್ದು.

ಕೆಸರಿನಿಂದ ಅಣೆಕಟ್ಟಿಗೆ

ಪೀಟ್ ಅಂದ್ರೆ ಜೌಗು ನೆಲದಲ್ಲಿ ಗಿಡಗಳು ಕೊಳೆತು ಕೂಡಿಕೊಂಡ ಕಪ್ಪು ಮಣ್ಣು. ಒಣಗಿಸಿದ್ರೆ ಉರುವಲು ಆಗುತ್ತೆ. ಒಣಗಿಸಬೇಕಂದ್ರೆ ಮೊದಲು ನೀರು ಹರಿದು ಹೋಗೋ ಹಾಗೆ ಕಾಲುವೆ ತೋಡಬೇಕು. ಎಷ್ಟು ದೂರಕ್ಕೊಂದು, ಯಾವ ಆಕಾರದಲ್ಲಿ ತೋಡಬೇಕು ಅನ್ನೋದು ಪ್ರಶ್ನೆ. ನೀರಿನ ಹರಿವಿಗೆ ಡಿಫರೆನ್ಷಿಯಲ್ ಸಮೀಕರಣ ಏನೋ ಇತ್ತು. ಆದರೆ ನಮ್ಮ ಎಂ-3 ಪೇಪರಲ್ಲಿ ಬರೋ ಥರ ವೃತ್ತ, ಆಯತಗಳಿಗೆ ಮಾತ್ರ ಅದನ್ನ ನೀಟಾಗಿ ಬಿಡಿಸೋದಕ್ಕೆ ಬರ್ತಿತ್ತು. ನಿಜವಾದ ಹೊಲ, ನಿಜವಾದ ಕಾಲುವೆಗೆ ಆಗ್ತಿರಲಿಲ್ಲ.

ರಿಚರ್ಡ್‌ಸನ್ ಮಾಡಿದ್ದು ಇಷ್ಟೇ. ಆಕಾರದ ಮೇಲೆ ಗ್ರಾಫ್ ಶೀಟಿನ ಹಾಗೆ ಚೌಕಗಳನ್ನ ಹಾಕಿ, ಪ್ರತಿ ಬಿಂದುವಿನ ಬೆಲೆಗೂ ಅಕ್ಕಪಕ್ಕದ ಬಿಂದುಗಳ ಬೆಲೆಗೂ ಇರೋ ಸಂಬಂಧವನ್ನ ಬರೀ ಕೂಡು-ಕಳೆಯಲ್ಲಿ ಬರೆದರು. ಮೊದಲು ಒಂದು ಅಂದಾಜು ಹಾಕೋದು, ಎಷ್ಟು ತಪ್ಪಿದೆ ನೋಡೋದು, ತಿದ್ದೋದು, ಮತ್ತೆ ನೋಡೋದು. ಇದಕ್ಕೆ ಫೈನೈಟ್ ಡಿಫರೆನ್ಸ್ ಅಂತಾರೆ. ನಾವು ಸಾಫ್ಟ್‌ವೇರಲ್ಲಿ ಬಳಸೋ ಫೈನೈಟ್ ಎಲಿಮೆಂಟ್ ವಿಧಾನ ಇದಲ್ಲ. ಆ ಹೆಸರು ಬಂದಿದ್ದೇ 1960ರಲ್ಲಿ, ರೇ ಕ್ಲಫ್ ಅವರಿಂದ. ಆದರೆ ದೊಡ್ಡ ವಸ್ತುವನ್ನ ಚಿಕ್ಕ ತುಂಡು ಮಾಡಿ ಲೆಕ್ಕ ಹಾಕೋ ಯೋಚನೆ, ಮತ್ತು ತುಂಡು ಮಾಡಿದ್ರಿಂದ ಎಷ್ಟು ತಪ್ಪು ಬಂತು ಅನ್ನೋ ಪ್ರಶ್ನೆ ಎರಡಕ್ಕೂ ಒಂದೇ.

ಆ ದಿನಗಳಲ್ಲಿ ಬ್ರಿಟಿಷ್ ಎಂಜಿನಿಯರ್‌ಗಳ ನಡುವೆ ದೊಡ್ಡ ಜಗಳ ನಡೀತಿತ್ತು. ಈಜಿಪ್ಟಿನ ನೈಲ್ ನದಿಗೆ 1902ರಲ್ಲಿ ಕಟ್ಟಿ ಮುಗಿಸಿದ್ದ ಅಸ್ವಾನ್ ಅಣೆಕಟ್ಟನ್ನ 1907ರಿಂದ ಇನ್ನೂ ಎತ್ತರಿಸ್ತಾ ಇದ್ರು. ಕಲ್ಲಿನ ಅಣೆಕಟ್ಟೊಳಗೆ ಸ್ಟ್ರೆಸ್ ಹೇಗೆ ಹಂಚಿಕೊಂಡಿರುತ್ತೆ, ಹಳೇ ಲೆಕ್ಕವನ್ನ ನಂಬಬಹುದಾ ಅಂತ ಚರ್ಚೆ. ಒಬ್ಬರು ರಬ್ಬರ್ ಮಾಡೆಲ್ ಮಾಡಿ ಅಳೆದ್ರು, ಇನ್ನೊಬ್ಬರು ಪ್ಲಾಸ್ಟಿಸಿನ್ ಅನ್ನೋ ಮಕ್ಕಳಾಟದ ಜೇಡಿಯಲ್ಲಿ ಅಣೆಕಟ್ಟು ಮಾಡಿ ನೋಡಿದ್ರು. ರಿಚರ್ಡ್‌ಸನ್ ತಮ್ಮ ಚೌಕದ ವಿಧಾನವನ್ನ ಕಲ್ಲಿನ ಅಣೆಕಟ್ಟಿನ ಮೇಲೆ ಪ್ರಯೋಗ ಮಾಡಿದ್ರು.

ಪೀಟಿನ ಲೆಕ್ಕಕ್ಕಿಂತ ಇದು ಕಷ್ಟ. ಇಲ್ಲಿರೋದು ನಾಲ್ಕನೇ ಆರ್ಡರ್‌ನ ಸಮೀಕರಣ, ಒಂದೊಂದು ಬಿಂದುವೂ ಸುತ್ತಲಿನ 12 ಬಿಂದುಗಳ ಜೊತೆ ಸೇರಿಕೊಳ್ಳುತ್ತೆ. ಕಂಪ್ಯೂಟರ್ ಇಲ್ಲ. ಲೆಕ್ಕ ಹಾಕೋದಕ್ಕೆ ಹುಡುಗರನ್ನ ಇಟ್ಕೊಂಡ್ರು. ಕೂಲಿ ಎಷ್ಟು ಗೊತ್ತಾ? ಒಂದು ಬಿಂದುವಿಗೆ, ಸಂಖ್ಯೆಯಲ್ಲಿ ಎಷ್ಟು ಅಂಕಿ ಇದೆಯೋ ಅದನ್ನ 18ರಿಂದ ಭಾಗಿಸಿದಷ್ಟು ಪೆನ್ನಿ. ಅಂದ್ರೆ ಮೂರಂಕಿ ಸಂಖ್ಯೆಗೆ ಒಂದು ಪೆನ್ನಿಯ ಆರನೇ ಒಂದು ಭಾಗ. ತುಂಬಾ ಚುರುಕಾಗಿದ್ದ ಹುಡುಗ ವಾರಕ್ಕೆ 2000 ಲೆಕ್ಕ ಮಾಡ್ತಿದ್ದನಂತೆ, ತಪ್ಪು ಮಾಡಿದ್ದನ್ನ ಬಿಟ್ಟು. ಈ ದರವನ್ನೆಲ್ಲ ಅವರು ಪೇಪರಿನಲ್ಲೇ ಬರೆದಿದ್ದಾರೆ! ಉತ್ತರ ಮಾತ್ರ ಅಲ್ಲ, ಉತ್ತರ ಹೇಗೆ ಬಂತು, ಎಷ್ಟು ಖರ್ಚಾಯ್ತು ಅನ್ನೋದೂ ಓದುವವರಿಗೆ ಗೊತ್ತಾಗಬೇಕು ಅನ್ನೋದು ಅವರ ಸ್ವಭಾವ.

1910ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ ಈ ಪೇಪರ್ 1911ರಲ್ಲಿ ಅಚ್ಚಾಯ್ತು. ಇದೇ ಕೆಲಸವನ್ನ ಕಿಂಗ್ಸ್ ಕಾಲೇಜಿನ ಫೆಲೋಶಿಪ್‌ಗೂ ಕಳಿಸಿದ್ರು. ಅಂದಾಜು ಲೆಕ್ಕ, ಇದು ಗಣಿತವೇ ಅಲ್ಲ ಅನ್ನೋ ಥರ ಕೇಂಬ್ರಿಡ್ಜ್‌ನ ಗಣಿತಜ್ಞರು ಮೂಗು ಮುರಿದ್ರು. ಫೆಲೋಶಿಪ್ ಸಿಗಲಿಲ್ಲ. ರಿಚರ್ಡ್‌ಸನ್ ಮತ್ತೆ ಕೇಂಬ್ರಿಡ್ಜ್‌ನಲ್ಲಿ ಕೆಲಸಕ್ಕೆ ಹೋಗಲೇ ಇಲ್ಲ.

ಎರಡು ತಪ್ಪು ಉತ್ತರದಿಂದ ಒಂದು ಒಳ್ಳೆ ಉತ್ತರ

ಆ ಪೇಪರಿನಲ್ಲಿದ್ದ ಒಂದು ಉಪಾಯವೇ ಇವತ್ತು ಅವರ ಹೆಸರಲ್ಲಿ ಇರೋದು. 1927ರಲ್ಲಿ ಗಾಂಟ್ ಅನ್ನೋರ ಜೊತೆ ಇನ್ನೊಂದು ಪೇಪರಿನಲ್ಲಿ ಅದನ್ನ ವಿಸ್ತಾರವಾಗಿ ಬರೆದ್ರು. ಒಂದು ಕ್ಯಾಲ್ಕುಲೇಟರ್ ತಗೊಳ್ಳಿ, ಈಗಲೇ ಮಾಡಿ ನೋಡಬಹುದು.

ವ್ಯಾಸ 1 ಇರೋ ವೃತ್ತದೊಳಗೆ ಆರು ಬದಿಯ ಆಕೃತಿ ಕೂರಿಸಿ. ಸುತ್ತಳತೆ ಸರಿಯಾಗಿ 3. ಬದಿಗಳನ್ನ 12 ಮಾಡಿ, 3.1058. ನಿಜವಾದ ಉತ್ತರ ಪೈ, 3.1416. ನಮ್ಮ ಎರಡೂ ಉತ್ತರ ತಪ್ಪೇ. ಆದರೆ ತಪ್ಪು ಒಂದು ಕ್ರಮದಲ್ಲಿ ಕಮ್ಮಿಯಾಗ್ತಿದೆ: ಬದಿಯ ಉದ್ದ ಅರ್ಧ ಆದಾಗ ತಪ್ಪು ಸುಮಾರು ನಾಲ್ಕನೇ ಒಂದು ಭಾಗ ಆಗುತ್ತೆ. ಹಾಗಿದ್ರೆ ಎರಡು ಉತ್ತರಗಳ ವ್ಯತ್ಯಾಸದ ಮೂರನೇ ಒಂದು ಭಾಗವನ್ನ ಎರಡನೇ ಉತ್ತರಕ್ಕೆ ಸೇರಿಸಿದ್ರೆ? 3.1411 ಬರುತ್ತೆ. 24 ಬದಿ ಹಾಕಿದ್ರೂ 3.1326 ಮಾತ್ರ. ಹೆಚ್ಚು ಕೆಲಸ ಮಾಡದೇ, ಇದ್ದ ಎರಡು ತಪ್ಪುಗಳಿಂದಲೇ ಅದಕ್ಕಿಂತ ಒಳ್ಳೆ ಉತ್ತರ ಬಂತು.

ಇದರಲ್ಲಿ ಇನ್ನೊಂದು ಉಪಯೋಗ ಇದೆ. ತಪ್ಪು ನಿಜವಾಗಲೂ ನಾಲ್ಕನೇ ಒಂದಾಗ್ತಿದೆಯಾ ಅಂತ ಚೆಕ್ ಮಾಡಬಹುದು. 3, 3.1058, 3.1326 ಈ ಮೂರರ ನಡುವಿನ ವ್ಯತ್ಯಾಸ 0.1058 ಮತ್ತು 0.0268. ಭಾಗಿಸಿದ್ರೆ 3.95, ಹತ್ತಿರ ಹತ್ತಿರ 4. ಲೆಕ್ಕ ಸರಿ ದಾರಿಯಲ್ಲಿದೆ ಅಂತ ಅರ್ಥ. ನಾವು ಮೂರು ಮೆಶ್ ರನ್ ಮಾಡಿ ನೋಡೋದು ಇದೇ ಕಾರಣಕ್ಕೆ. ಪ್ಯಾಟ್ರಿಕ್ ರೋಚ್ 1994ರಲ್ಲಿ ಕೊಟ್ಟ ಗ್ರಿಡ್ ಕನ್ವರ್ಜೆನ್ಸ್ ಇಂಡೆಕ್ಸ್ ಕೂಡ ಇದರ ಮೇಲೇ ನಿಂತಿದೆ.

ಹುಲ್ಲಿನ ರಾಶಿಯ ಮೇಲೆ ಹವಾಮಾನ

1913ರಲ್ಲಿ ರಿಚರ್ಡ್‌ಸನ್ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಅನ್ನೋ ಮೂಲೆಯ ವೀಕ್ಷಣಾಲಯದ ಮುಖ್ಯಸ್ಥರಾದ್ರು. ಅಣೆಕಟ್ಟಿಗೆ ಮಾಡಿದ್ದನ್ನ ಗಾಳಿಗೂ ಮಾಡಬಹುದಲ್ಲ ಅಂತ ಅವರಿಗೆ ಅನ್ನಿಸ್ತು. ವಾತಾವರಣವನ್ನ ಚೌಕಗಳಾಗಿ ಕತ್ತರಿಸಿ, ಇವತ್ತಿನ ಒತ್ತಡ ಮತ್ತು ಗಾಳಿಯಿಂದ ನಾಳಿನದನ್ನ ಲೆಕ್ಕ ಹಾಕೋದು.

ಅಷ್ಟರಲ್ಲಿ ಮೊದಲ ಮಹಾಯುದ್ಧ. ಕ್ವೇಕರ್ ಆದ್ದರಿಂದ ಬಂದೂಕು ಹಿಡಿಯಲಿಲ್ಲ, ಆದರೆ ಸುಮ್ಮನೆ ಕೂರೋದಕ್ಕೂ ಮನಸ್ಸಾಗಲಿಲ್ಲ. 1916ರಲ್ಲಿ ಕೆಲಸ ಬಿಟ್ಟು ಕ್ವೇಕರ್‌ಗಳ ಆಂಬುಲೆನ್ಸ್ ಪಡೆ ಸೇರಿ ಫ್ರಾನ್ಸಿಗೆ ಹೋದ್ರು. ಗಾಯಾಳುಗಳನ್ನ ಸಾಗಿಸೋ ಗಾಡಿ ಓಡಿಸ್ತಾ, ಬಿಡುವಾದಾಗ ಚಳಿಯ ಬಿಡಾರದಲ್ಲಿ ಹುಲ್ಲಿನ ರಾಶಿ ಮೇಲೆ ಕೂತು ಲೆಕ್ಕ ಮಾಡಿದ್ರು. ಫಾರಂಗಳನ್ನ ಸಿದ್ಧಪಡಿಸಿ ಎರಡೇ ಎರಡು ಕಂಬಗಳಷ್ಟು ಗಾಳಿಯ ಲೆಕ್ಕ ಮುಗಿಸೋದಕ್ಕೆ ಹೆಚ್ಚುಕಮ್ಮಿ ಆರು ವಾರ ಹಿಡೀತು. 1917ರ ಏಪ್ರಿಲ್‌ನ ಯುದ್ಧದ ಗಲಾಟೆಯಲ್ಲಿ ಹಸ್ತಪ್ರತಿ ಕಳೆದೇ ಹೋಯ್ತು. ತಿಂಗಳುಗಳಾದ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿ ಕೆಳಗೆ ಸಿಕ್ತು! ಬ್ಯಾಕಪ್ ಇಟ್ಕೊಳ್ಳಿ ಅಂತ ಲ್ಯಾಬಲ್ಲಿ ಹೇಳೋದು ಸುಮ್ಮನೆ ಅಲ್ಲ.

ಅವರು ತಗೊಂಡಿದ್ದು 1910ರ ಮೇ 20ರ ಬೆಳಿಗ್ಗೆಯ ಯುರೋಪಿನ ಅಳತೆಗಳನ್ನ. ಅಂದ್ರೆ ಆಗಿ ಹೋದ ದಿನವನ್ನೇ ಮತ್ತೆ ಲೆಕ್ಕ ಹಾಕಿ, ನಿಜವಾಗಿ ಏನಾಗಿತ್ತೋ ಅದರ ಜೊತೆ ಹೋಲಿಸೋದು. ಇದೇ ವ್ಯಾಲಿಡೇಶನ್. ಅಣೆಕಟ್ಟಿನಲ್ಲಿ ಅವರು ಕೇಳಿದ್ದು ಸಮೀಕರಣವನ್ನ ಸರಿಯಾಗಿ ಬಿಡಿಸಿದ್ದೀನಾ ಅಂತ, ಅದು ವೆರಿಫಿಕೇಶನ್. ಇಲ್ಲಿ ಕೇಳಿದ್ದು ನನ್ನ ಲೆಕ್ಕ ಪ್ರಪಂಚಕ್ಕೆ ಹೊಂದುತ್ತಾ ಅಂತ. ಎರಡೂ ಬೇರೆ. ವೈವಾದಲ್ಲಿ ಇದನ್ನ ಕೇಳಿಯೇ ಕೇಳ್ತಾರೆ.

ಫಲಿತಾಂಶ ಏನಾಯ್ತು? ಆರು ಗಂಟೆಯಲ್ಲಿ ಒತ್ತಡ 145 ಹೆಕ್ಟೋಪಾಸ್ಕಲ್ ಏರುತ್ತೆ ಅಂತ ಬಂತು. ಸಾಮಾನ್ಯ ಗಾಳಿಯ ಒತ್ತಡವೇ ಸುಮಾರು 1013. ಅದರ ಏಳನೇ ಒಂದು ಭಾಗ! ಆ ದಿನ ನಿಜವಾಗಿ ಬಾರೋಮೀಟರ್ ಅಲ್ಲಾಡಿರಲೇ ಇಲ್ಲ ಅನ್ನಬಹುದು.

ನಾನಾಗಿದ್ರೆ ಆ ಹಾಳೆಯನ್ನ ಹರಿದು ಹಾಕ್ತಿದ್ದೆ. ರಿಚರ್ಡ್‌ಸನ್ 1922ರಲ್ಲಿ ಪುಸ್ತಕ ಮಾಡಿಸಿದಾಗ ಆ 145ನ್ನೂ, ಅದಕ್ಕೆ ಬಂದ ದಾರಿಯ ಒಂದೊಂದು ಕೋಷ್ಟಕವನ್ನೂ ಹಾಕಿಸಿದ್ರು. ಮೊದಲಿಗೆ ಕೊಟ್ಟ ಗಾಳಿಯ ಅಳತೆಗಳಲ್ಲೇ ದೋಷ ಇದೆ ಅಂತ ತಮ್ಮ ಅನುಮಾನವನ್ನೂ ಬರೆದ್ರು. 64,000 ಜನ ಒಂದು ದೊಡ್ಡ ಸಭಾಂಗಣದಲ್ಲಿ ಕೂತು ಹವಾಮಾನದ ಲೆಕ್ಕ ಮಾಡೋ ಒಂದು ಕಲ್ಪನೆಯನ್ನೂ ಅದೇ ಪುಸ್ತಕದಲ್ಲಿ ಕೊಟ್ಟಿದ್ದಾರೆ.

ಎಲ್ಲವನ್ನೂ ಬರೆದಿಟ್ಟಿದ್ದರಿಂದ ಏನಾಯ್ತು ಅಂದ್ರೆ, ಹಲವಾರು ದಶಕಗಳ ನಂತರ ಐರ್ಲೆಂಡಿನ ಹವಾಮಾನ ತಜ್ಞ ಪೀಟರ್ ಲಿಂಚ್ ಅದೇ ಲೆಕ್ಕವನ್ನ ಕಂಪ್ಯೂಟರಿಗೆ ಹಾಕಿದ್ರು. ಮೊದಲು ಅದೇ 145 ಬಂತು. ಅಂದ್ರೆ ಹುಲ್ಲಿನ ಮೇಲೆ ಕೂತು ಮಾಡಿದ ಲೆಕ್ಕ ಮೂಲದಲ್ಲಿ ಸರಿಯಾಗೇ ಇತ್ತು. ಆಮೇಲೆ ಆರಂಭದ ಅಳತೆಗಳಲ್ಲಿ ಒತ್ತಡಕ್ಕೂ ಗಾಳಿಗೂ ಇದ್ದ ಹೊಂದಾಣಿಕೆ ಇಲ್ಲದ ಏರಿಳಿತವನ್ನ ಸೋಸಿ ತೆಗೆದು ಮತ್ತೆ ರನ್ ಮಾಡಿದ್ರು. ಬದಲಾವಣೆ ಒಂದು ಹೆಕ್ಟೋಪಾಸ್ಕಲ್‌ಗಿಂತ ಕಮ್ಮಿಗೆ ಇಳೀತು. ತಪ್ಪು ಸಮೀಕರಣದಲ್ಲಿ ಇರಲಿಲ್ಲ, ಇನ್‌ಪುಟ್‌ನಲ್ಲಿತ್ತು.

ನಮಗೂ ಇದು ಹೊಸದಲ್ಲ. ಮಿ.ಮೀ. ಮಾಡೆಲ್‌ಗೆ ಸ್ಟೀಲಿನ ಯಂಗ್ಸ್ ಮಾಡ್ಯುಲಸ್ ಅನ್ನ 2,00,000 ಮೆಗಾಪಾಸ್ಕಲ್ ಅಂತ ಕೊಡೋ ಬದಲು ಪಾಸ್ಕಲ್ ಲೆಕ್ಕದ ಸಂಖ್ಯೆ ಕೊಟ್ಟರೆ, ಸಾಫ್ಟ್‌ವೇರ್ ಒಂದು ಮಾತೂ ಆಡದೆ ಉತ್ತರ ಕೊಡುತ್ತೆ. ಸಾಲ್ವರ್ ಬೈಯೋ ಮುಂಚೆ ಯೂನಿಟ್, ಲೋಡು, ಸಪೋರ್ಟು ನೋಡಬೇಕು.

ಅವರ ಲೆಕ್ಕದಲ್ಲಿ ಇನ್ನೊಂದು ತೊಂದರೆಯೂ ಅಡಗಿತ್ತು. ಚೌಕಗಳು ಸುಮಾರು 200 ಕಿ.ಮೀ., ಸಮಯದ ಹೆಜ್ಜೆ 3 ಗಂಟೆ. ಅಷ್ಟು ಹೊತ್ತಲ್ಲಿ ವಾತಾವರಣದ ವೇಗದ ಅಲೆಗಳು ಎಷ್ಟೋ ಚೌಕ ದಾಟಿ ಹೋಗ್ತವೆ. ಲೆಕ್ಕವನ್ನ ಮುಂದುವರಿಸಿದ್ರೆ ಸಿಡಿದು ಹೋಗ್ತಿತ್ತು. ಈ ಮಿತಿಯನ್ನ ಕೊರಾಂಟ್, ಫ್ರೀಡ್ರಿಕ್ಸ್, ಲೆವಿ ತೋರಿಸಿದ್ದು 1928ರಲ್ಲಿ. ಕ್ರ್ಯಾಶ್ ಸಿಮ್ಯುಲೇಶನ್ ಮಾಡೋರಿಗೆ ಇದು ಗೊತ್ತು: ಸ್ಟೀಲಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತೆ, 5 ಮಿ.ಮೀ. ಎಲಿಮೆಂಟ್ ಇದ್ರೆ ಸಮಯದ ಹೆಜ್ಜೆ ಸುಮಾರು ಒಂದು ಮೈಕ್ರೋಸೆಕೆಂಡ್ ದಾಟೋ ಹಾಗಿಲ್ಲ.

ಕೆಲಸ ಬಿಟ್ಟರು, ಪ್ರಶ್ನೆ ಬಿಡಲಿಲ್ಲ

ಯುದ್ಧ ಮುಗಿದ ಮೇಲೆ ಹವಾಮಾನ ಇಲಾಖೆಗೆ ವಾಪಸ್ ಬಂದ್ರು. ಆದರೆ ಆ ಇಲಾಖೆ ವಾಯುಪಡೆಯನ್ನ ನೋಡಿಕೊಳ್ಳೋ ಏರ್ ಮಿನಿಸ್ಟ್ರಿ ಕೆಳಗೆ ಹೋಯ್ತು. 1920ರಲ್ಲಿ ರಾಜೀನಾಮೆ ಕೊಟ್ಟರು. ಟೀಚರ್ ಟ್ರೈನಿಂಗ್ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡಿದ್ರು. 1926ರಲ್ಲಿ ರಾಯಲ್ ಸೊಸೈಟಿ ಫೆಲೋ ಆದ್ರು. ಅಷ್ಟೆಲ್ಲ ಆದಮೇಲೂ ಸ್ಟೂಡೆಂಟ್ ಆಗಿ ಓದಿ 1929ರಲ್ಲಿ ಸೈಕಾಲಜಿಯಲ್ಲಿ ಡಿಗ್ರಿ ತಗೊಂಡ್ರು. 48ನೇ ವಯಸ್ಸಿನ ಹತ್ತಿರ! ಅದೇ ವರ್ಷ ಸ್ಕಾಟ್ಲೆಂಡಿನ ಪೇಸ್ಲಿಯ ಟೆಕ್ನಿಕಲ್ ಕಾಲೇಜಿನ ಪ್ರಿನ್ಸಿಪಾಲ್ ಆದ್ರು. 1940ರಲ್ಲಿ ಅದನ್ನೂ ಬಿಟ್ಟು, ಯುದ್ಧಗಳು ಯಾಕೆ ಆಗ್ತವೆ ಅಂತ ಅಂಕಿಅಂಶ ಕೂಡಿಸ್ತಾ ಕೂತರು.

ಆ ಹುಡುಕಾಟದಲ್ಲೇ ನನ್ನ ಬ್ರಾಕೆಟ್‌ಗೆ ಉತ್ತರ ಸಿಕ್ಕಿದ್ದು. ಎರಡು ದೇಶಗಳ ಗಡಿ ಉದ್ದ ಇದ್ದಷ್ಟೂ ಜಗಳ ಜಾಸ್ತಿಯಾ ಅಂತ ನೋಡೋದಕ್ಕೆ ಅವರು ಗಡಿಗಳ ಉದ್ದ ಹುಡುಕಿದ್ರು. ಸ್ಪೇನ್ ಮತ್ತು ಪೋರ್ಚುಗಲ್ ಗಡಿ ಒಂದು ಕಡೆ 987 ಕಿ.ಮೀ. ಅಂತಿದೆ, ಇನ್ನೊಂದು ಕಡೆ 1214 ಕಿ.ಮೀ. ಯಾರೂ ಸುಳ್ಳು ಹೇಳಿರಲಿಲ್ಲ. ಅವರು ಡಿವೈಡರ್ ಹಿಡಿದು ನಕ್ಷೆ ಮೇಲೆ ಅಳೆದು ನೋಡಿದ್ರು. ಡಿವೈಡರ್ ಹೆಜ್ಜೆ ಚಿಕ್ಕದು ಮಾಡಿದಷ್ಟೂ ಬ್ರಿಟನ್ನಿನ ಕರಾವಳಿ ಉದ್ದ ಆಗ್ತಾನೇ ಹೋಯ್ತು, ಒಂದು ಸಂಖ್ಯೆಗೆ ಬಂದು ನಿಲ್ಲಲಿಲ್ಲ. ವೃತ್ತಕ್ಕೆ ನಡೆದ ಉಪಾಯ ಕರಾವಳಿಗೆ ನಡೆಯಲ್ಲ. ಈ ಬರಹ ಅಚ್ಚಾಗಿದ್ದು ಅವರು ತೀರಿಹೋದ ಮೇಲೆ, 1961ರಲ್ಲಿ. ಅದನ್ನ ಓದಿದ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಮುಂದಕ್ಕೆ ತಗೊಂಡು ಹೋದ್ರು, ಅಲ್ಲಿಂದ ಫ್ರಾಕ್ಟಲ್ ವಿಷಯ ಬೆಳೀತು.

ನನ್ನ ಚೂಪು ಮೂಲೆಯೂ ಕರಾವಳಿ ಥರಾನೇ! ಎಲಾಸ್ಟಿಸಿಟಿ ಥಿಯರಿ ಪ್ರಕಾರ ಚೂಪಾದ ಒಳಮೂಲೆಯಲ್ಲಿ ಸ್ಟ್ರೆಸ್ ಅನಂತ. ಮೆಶ್ ಸಣ್ಣ ಮಾಡಿದಷ್ಟೂ ಏರಲೇಬೇಕು. 118, 161, 220: ಪ್ರತಿ ಸಲ ಸುಮಾರು 1.37 ಪಟ್ಟು, ವ್ಯತ್ಯಾಸ ಕಮ್ಮಿಯಾಗೋ ಬದಲು 43ರಿಂದ 59ಕ್ಕೆ ಹೋಗಿದೆ. ಸಾಫ್ಟ್‌ವೇರ್ ತಪ್ಪು ಮಾಡಿರಲಿಲ್ಲ. ಉತ್ತರವೇ ಇಲ್ಲದ ಪ್ರಶ್ನೆಯನ್ನ ನಾನು ಕೇಳಿದ್ದೆ.

ಕೊನೆಯ ಪರೀಕ್ಷೆ

1950ರಲ್ಲಿ ಅಮೆರಿಕದಲ್ಲಿ ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಸೇರಿ ಎನಿಯಾಕ್ ಕಂಪ್ಯೂಟರಿನಲ್ಲಿ ಹವಾಮಾನದ ಲೆಕ್ಕ ಮಾಡಿದ್ರು. ಚಾರ್ನಿ ಅದನ್ನ ರಿಚರ್ಡ್‌ಸನ್‌ಗೆ ಕಳಿಸಿಕೊಟ್ಟರು. ಮೂವತ್ತು ವರ್ಷದ ಹಿಂದಿನ ಕನಸು ನಿಜವಾಗಿತ್ತು. ಬೇರೆಯವರಾಗಿದ್ರೆ ಖುಷಿಯಿಂದ ಒಪ್ಪಿಬಿಡ್ತಿದ್ರು. ರಿಚರ್ಡ್‌ಸನ್ ಮಾತ್ರ ನಕ್ಷೆಗಳನ್ನ ಹೆಂಡತಿ ಡೊರೊಥಿ ಮುಂದಿಟ್ಟರು. ಮೊದಲ ದಿನದ ನಕ್ಷೆ ಒಂದು, ಲೆಕ್ಕದಿಂದ ಬಂದ ನಕ್ಷೆ ಒಂದು, ಮಾರನೇ ದಿನ ನಿಜವಾಗಿ ಇದ್ದದ್ದು ಒಂದು. ನಿಜವಾದದ್ದಕ್ಕೆ ಯಾವುದು ಹೆಚ್ಚು ಹೋಲುತ್ತೆ ಅಂತ ಹೇಳಬೇಕು. ನಾಳೆಯೂ ಇವತ್ತಿನ ಹಾಗೇ ಇರುತ್ತೆ ಅನ್ನೋ ಸೋಮಾರಿ ಊಹೆಯನ್ನಾದ್ರೂ ಕಂಪ್ಯೂಟರ್ ಸೋಲಿಸಿತಾ ಅನ್ನೋ ಪರೀಕ್ಷೆ ಅದು. ಸೋಲಿಸಿತ್ತು, ಆದರೆ ಸ್ವಲ್ಪವೇ. ಹಾಗಂತಲೇ ಚಾರ್ನಿಗೆ ಬರೆದು, ಅಭಿನಂದನೆ ಹೇಳಿ, ತಮ್ಮ 1922ರ ಫಲಿತಾಂಶ ಪೂರ್ತಿ ತಪ್ಪಾಗಿತ್ತು ಅನ್ನೋದನ್ನೂ ಸೇರಿಸಿದ್ರು. 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಕಿಲ್ಮನ್‌ನಲ್ಲಿ ತೀರಿಕೊಂಡರು.

ನನ್ನ ಬ್ರಾಕೆಟ್ ಕಥೆ ಮುಗಿಸಿಬಿಡ್ತೀನಿ. ವರ್ಕ್‌ಶಾಪಿನಲ್ಲಿ ಆ ಮೂಲೆ ಹೇಗೂ ಚೂಪಾಗಿ ಬರಲ್ಲ, ಹಾಗಾಗಿ 3 ಮಿ.ಮೀ. ಫಿಲೆಟ್ ಕೊಟ್ಟು ಮೂರು ಮೆಶ್‌ನಲ್ಲಿ ಮತ್ತೆ ರನ್ ಮಾಡಿದೆ. ಈ ಸಲ ವ್ಯತ್ಯಾಸ ಕಮ್ಮಿಯಾಗ್ತಾ ಬಂತು. ಸಪೋರ್ಟಿನ ರಿಯಾಕ್ಷನ್ ಕೂಡಿಸಿದೆ, ಕೊಟ್ಟ ಲೋಡಿಗೆ ಸಮ ಆಯ್ತು. ಮೂಲೆಯಿಂದ ದೂರ ಇರೋ ನೇರ ಭಾಗದ ಸ್ಟ್ರೆಸ್ಸನ್ನ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನ ಬೆಂಡಿಂಗ್ ಸೂತ್ರದಲ್ಲಿ ಕೈಯಲ್ಲೇ ಹಾಕಿ ನೋಡಿದೆ, ಹತ್ತಿರ ಬಂತು. ರಿಪೋರ್ಟಿನಲ್ಲಿ 118, 161, 220 ಈ ಮೂರನ್ನೂ ಒಂದು ಪುಟದಲ್ಲಿ ಹಾಗೇ ಇಟ್ಟಿದ್ದೀನಿ, ಯಾಕೆ ತಪ್ಪು ಅನ್ನೋ ವಿವರಣೆ ಜೊತೆ. ಮೊದಲು ನಾಚಿಕೆ ಆಗಿತ್ತು. ಆದರೆ ಮುಂದಿನ ವರ್ಷ ಟೀಮಿಗೆ ಸೇರೋ ಜೂನಿಯರ್‌ಗೆ ಆ ಪುಟವೇ ಹೆಚ್ಚು ಉಪಯೋಗಕ್ಕೆ ಬರುತ್ತೆ ಅನ್ನಿಸುತ್ತೆ.

ಇಷ್ಟೂ ವೆರಿಫಿಕೇಶನ್ ಮಾತ್ರ. ವ್ಯಾಲಿಡೇಶನ್ ಇನ್ನೂ ಬಾಕಿ ಇದೆ. ಈ ಸೆಮಿಸ್ಟರ್‌ನಲ್ಲಿ ಬ್ರಾಕೆಟ್‌ಗೆ ಸ್ಟ್ರೇನ್ ಗೇಜ್ ಅಂಟಿಸಿ ಅಳೆಯೋ ಪ್ಲ್ಯಾನ್ ಇದೆ. ಹೊಂದಿದ್ರೂ, ಹೊಂದದೇ ಇದ್ರೂ ಮುಂದಿನ ಸಂಚಿಕೆಯಲ್ಲಿ ಬರೀತೀನಿ.